ಗೆರೆ ದಾಟಿ ವಾಪಸ್ ಓಡಿದವಳು

ಮಂಜುಳಾನೇ ಇರಬೇಕು, ಅಥವಾ ಹಾಗೆಂದು ಹೇಳಿ ಹೇಳಿ ನನಗೇ ನಂಬಿಕೆ ಬಂದಿರಬೇಕು. ಚಿಂತಾಮಣಿಯಲ್ಲಿ ನಮ್ಮ ಮಹಿಳಾ ರಗ್ಬಿ ಕ್ಲಬ್ಬಿನ ಮೊದಲ ಪಂದ್ಯ. ಎಲ್ಲರೂ ಕಬಡ್ಡಿ ಆಡಿ ಬಂದವರು. ಒಬ್ಬಳು ಚೆಂಡು ಹಿಡಿದು ಎದುರಾಳಿಗಳ ಕೊನೆಯ ಗೆರೆ ದಾಟಿದಳು. ಅದನ್ನು ನೆಲಕ್ಕೆ ಒತ್ತಿದ್ದರೆ ಗೆಲ್ಲುತ್ತಿದ್ದೆವು. ಅವಳು ಕಬಡ್ಡಿಯ ಅಭ್ಯಾಸದಂತೆ ತಿರುಗಿ ನಮ್ಮ ಕಡೆಗೇ ಓಡಿ ಬಂದಳು. ಹೊಸ ಹುಡುಗಿಯರು ಸೇರಿದಾಗಲೆಲ್ಲ ಮಂಜುಳಾಳ ಈ ಕಥೆ ಹೇಳಿ ನಗಿಸುತ್ತಿದ್ದೆ. ಅವಳು ಯಾವಾಗಲೋ ಆಟ ಬಿಟ್ಟಿದ್ದಳು.

ಮೊನ್ನೆ ಮಂಚೇನಹಳ್ಳಿ ಬಸ್ಸಿನಲ್ಲಿ ಸಿಕ್ಕಳು. ನನ್ನ ಕಥೆ ಅವಳ ಕಿವಿಗೂ ಬಿದ್ದಿತ್ತು. "ವಾಪಸ್ ಓಡಿದ್ದು ನೀನು ಕಣೇ! 'ನೆಲಕ್ಕಿಡೇ, ನೆಲಕ್ಕಿಡೇ' ಅಂತ ಬಡ್ಕೊಂಡಿದ್ದು ನಾನು. ಇನ್ನಾದ್ರೂ ನನ್ನ ಹೆಸರು ಬಿಡಮ್ಮ ತಾಯಿ" ಎಂದಳು. ನಗಲಿಲ್ಲ.

ಕ್ಲಬ್ಬಿನ ಚರಿತ್ರೆ ಬರೆಯುತ್ತಿರುವ ಹುಡುಗಿಯರಿಗೆ ಆ ಪ್ರಸಂಗದಿಂದ ಅವಳ ಹೆಸರು ಹೊಡೆದುಹಾಕಲು ಹೇಳಿದ್ದೇನೆ. ಅಲ್ಲಿ ನನ್ನ ಹೆಸರು ಬರೆಸಬೇಕೋ ಬೇಡವೋ, ನನಗೆ ಗೊತ್ತಿಲ್ಲ.