ಓಡುವ ಜೀಪಿನ ಸದ್ದು ಹುಡುಕಿದ್ದು

ಎಂಬತ್ತರ ಸುಮಾರಿಗೆ ನಾನು ಸಾಗರದ ಆಸ್ಪತ್ರೆಯೊಂದರಲ್ಲಿ ಜೀಪು ಓಡಿಸುತ್ತಿದ್ದೆ. ತುಮರಿ ಕಡೆ ಹೆರಿಗೆಯೊಂದು ಕಷ್ಟವಾಗಿದೆ ಅಂತ ಸುದ್ದಿ ಬಂತು. ಡಾಕ್ಟರಮ್ಮನನ್ನು ಕೂರಿಸಿಕೊಂಡು, ಹಿನ್ನೀರು ದಾಟಿಸುವ ಲಾಂಚ್ ಹಿಡಿಯಲು ಹೊರಟೆ. ಊರು ದಾಟುತ್ತಲೇ ಜೀಪಿನ ಮುಂದುಗಡೆ ‘ಟಣ್ ಟಣ್’ ಸದ್ದು ಶುರುವಾಯಿತು. ಇಳಿದು ಬಗ್ಗಿ ನೋಡಿದೆ, ಹಿಡಿದು ಅಲ್ಲಾಡಿಸಿದೆ. ನಿಂತ ಜೀಪು ತುಟಿ ಬಿಚ್ಚಲಿಲ್ಲ.

“ಇದನ್ನ ಓಡುವಾಗಲೇ ನೋಡ್ಬೇಕು ಅಮ್ಮಾ,” ಅಂದೆ.

“ಹಾಗಾದ್ರೆ ನೀವು ನೋಡಿ, ನಾನು ಓಡಿಸ್ತೀನಿ,” ಅಂತ ಡಾಕ್ಟರಮ್ಮ ಸೆರಗು ಸಿಕ್ಕಿಸಿಕೊಂಡು ಸ್ಟೀರಿಂಗ್ ಹಿಡಿದೇಬಿಟ್ಟರು!

ಓಡಿಸಲು ಬರುತ್ತದೋ ಇಲ್ಲವೋ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಮಡ್‌ಗಾರ್ಡ್ ತಬ್ಬಿಕೊಂಡು ತಲೆ ಕೆಳಗೆ ಮಾಡಿ ಮಲಗಿದೆ. ಮೈಗೆಲ್ಲ ಕೆಂಪು ಧೂಳು. ಜೀಪು ಗುಂಡಿಗಿಳಿದು ಹಾರಿದ ಹೊತ್ತಿಗೆ ಕಂಡೇಬಿಟ್ಟಿತು. ಮುಂದಿನ ಸ್ಪ್ರಿಂಗ್ ಪ್ಲೇಟನ್ನು ಆಕ್ಸಲಿಗೆ ಬಿಗಿದ ಬೋಲ್ಟು ಸಡಿಲವಾಗಿ, ಪ್ಲೇಟು ಎದ್ದೆದ್ದು ಬಡಿಯುತ್ತಿತ್ತು.

“ಸಿಕ್ತು! ನಿಲ್ಸಿ ಅಮ್ಮಾ, ಸಿಕ್ತು!” ಅಂತ ಕೂಗಿದೆ.

ಕೆಳಗೆ ನುಗ್ಗಿ ನಟ್ಟುಗಳನ್ನು ಬಿಗಿದೆ. ಹಾಗೇ ಹೋಗಿದ್ದರೆ ಯಾವುದೋ ತಿರುವಿನಲ್ಲಿ ಚಕ್ರ ಒಂದು ದಾರಿ, ನಾವೊಂದು ದಾರಿ ಆಗುತ್ತಿದ್ದೆವು. ಎದ್ದು ನೋಡಿದರೆ ಡಾಕ್ಟರಮ್ಮ ಇಳಿಯುವ ಲಕ್ಷಣವೇ ಇಲ್ಲ. “ಬೇಗ ಹತ್ತಿ,” ಅಂತ ಪಕ್ಕದ ಸೀಟು ತೋರಿಸಿದರು. ಸದ್ದೇ ಇಲ್ಲದ ಜೀಪನ್ನು ಹಾರಿಸಿಕೊಂಡು ಹೋದರು!

ಲಾಂಚ್ ಸಿಕ್ಕಿತು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಲಾಂಚಿನವನು ಧೂಳು ಮೆತ್ತಿಕೊಂಡಿದ್ದ ನನ್ನನ್ನು ನೋಡಿ ಡಾಕ್ಟರಮ್ಮನನ್ನು ಕೇಳಿದ್ದು ಮಾತ್ರ ಇನ್ನೂ ಮರೆತಿಲ್ಲ:

“ಎಂತ ಅಮ್ಮಾ, ಪೇಶೆಂಟನ್ನ ನೀವೇ ಕರ್ಕೊಂಡು ಬಂದ್ರಾ?”