ಹೊಳೆ ಹಾರನ್ ಹೊಡೆಯಲ್ಲ

ನಮ್ಮ ಹೆಡ್‌ಮೇಡಂ ಅವರ ಬಲಗೈ ತೋರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನಿಮ್ಮನ್ನು ಬೈಯಲು ಬೆರಳೆತ್ತಿದರೆ ಅದು ಪಕ್ಕದವರನ್ನು ತೋರಿಸುತ್ತಿತ್ತು. ಹಾಗಾಗಿ ಒಂದು ಬೈಗುಳಕ್ಕೆ ಇಬ್ಬರು ನಡುಗಬೇಕಾಗುತ್ತಿತ್ತು. ಗೌರಿಬಿದನೂರಿನ ಆ ಶಾಲೆಯಲ್ಲಿ ಟೀಚರಾಗಿದ್ದಷ್ಟು ಕಾಲ ನಾನು ಎರಡೂ ಜಾಗದಲ್ಲಿ ನಿಂತಿದ್ದೇನೆ. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನನಗೆ ಬರುವುದಿಲ್ಲ.

ಒಂದು ವರ್ಷ ಶಾಲೆಯ ಲೈಬ್ರರಿಗೆ ಮಕ್ಕಳ ಪುಸ್ತಕಗಳ ಪೆಟ್ಟಿಗೆ ಬಂತು. ಎಲ್ಲವೂ ನೀರಿನ ಕುರಿತದ್ದು: ಮೋಡ ಹುಟ್ಟುವ ಕತೆ, ಇಬ್ಬನಿ, ಕೆರೆಯ ಕಪ್ಪೆ, ಪುಟದ ತುಂಬ ಬಣ್ಣದ ಚಿತ್ರ. ನಾನೂ ಮಕ್ಕಳ ಜೊತೆ ಕುಣಿದೆ. ಹೆಡ್‌ಮೇಡಂ ಅಷ್ಟನ್ನೂ ಪಕ್ಕಕ್ಕೆ ತಳ್ಳಿ ಹೊಳೆಯ ಪುಸ್ತಕದ ಒಂದೇ ಪುಟ ಹಿಡಿದುಕೊಂಡರು. ಹೊಳೆಯಲ್ಲಿ ನೀರೇರುವ ಮುನ್ನ ನೊರೆ ಬರುತ್ತದೆ, ಕಸಕಡ್ಡಿ ಬರುತ್ತದೆ, ಕಂಡ ಕೂಡಲೇ ದಡ ಹತ್ತಬೇಕು ಎಂಬ ಪುಟ. ನಾಲ್ಕನೇ ಕ್ಲಾಸಿಗೆ ಅದನ್ನು ದಿನಾ ಓದಿಸಿದರು.

ನಮ್ಮೂರಿನ ಹೊಳೆ ಎಂದರೆ ಮರಳು, ಜಾಲಿ ಮುಳ್ಳು, ಮಕ್ಕಳ ಕ್ರಿಕೆಟ್ಟು. "ಮೇಡಂ, ಇಲ್ಲಿ ನೀರು ಬರೋದು ಬೋರಿಂದ, ಟ್ಯಾಂಕರಿಂದ. ಅದನ್ನ ಹೇಳ್ಕೊಡಣ," ಎಂದೆ.

"ಚಾಲ್ಲೇಮ್ಮಾ," ಎಂದರು. ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗು ಬರುತ್ತಿತ್ತು. ಸಾಕು, ಬಾಯಿ ಮುಚ್ಚು ಎಂದರ್ಥ. "ನಿನ್ ಟ್ಯಾಂಕರು ಹಾರನ್ ಹೊಡ್ಕೊಂಡು ಬರ್ತದೆ. ಹೊಳೆ ಹಾರನ್ ಹೊಡೆಯಲ್ಲ."

ನಾನು ಬಿಡಲಿಲ್ಲ. ಮಕ್ಕಳಿಂದ ಬೋರ್‌ವೆಲ್ಲು, ಟ್ಯಾಂಕರು, ಕ್ಯಾನ್ ನೀರಿನ ಚಿತ್ರ ಬರೆಸಿ ನಮ್ಮದೇ ಒಂದು ಪುಸ್ತಕ ಮಾಡಿದೆ. ಮಧ್ಯಾಹ್ನ ನೋಡಿದರೆ ಅದು ಬಿಸಿಯೂಟದ ಸಾರಿನ ಪಾತ್ರೆಗೆ ಮುಚ್ಚಳವಾಗಿತ್ತು. ಮುಚ್ಚಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

ಆಮೇಲೆ ಡ್ರಿಲ್ಲು ಶುರುವಾಯಿತು. ಆಟದ ನಡುವೆ ಹೆಡ್‌ಮೇಡಂ "ನೊರೆ!" ಎಂದು ಕಿರುಚುವುದು, ಮಕ್ಕಳು ಬ್ಯಾಟು, ಚೆಂಡು, ಚಪ್ಪಲಿ ಎಲ್ಲ ಬಿಟ್ಟು ಶಾಲೆಯ ಮೆಟ್ಟಿಲಿಗೆ ಓಡುವುದು. ನನ್ನ ಮಗಳೂ ಅದೇ ಕ್ಲಾಸು. ಒಮ್ಮೆ ಹೊಸ ಚಪ್ಪಲಿಯ ಆಸೆಗೆ ತಿರುಗಿ ಹೋದಳು. ಊಟದ ಹೊತ್ತು ಮುಗಿಯುವವರೆಗೂ ಅವಳನ್ನು ಬರಿಗಾಲಲ್ಲಿ ಬಿಸಿಲಿಗೆ ನಿಲ್ಲಿಸಿದರು, ನನ್ನ ಕಣ್ಣೆದುರಿಗೇ. ಕೇಳಹೋದರೆ, "ಇಲ್ಲಿ ನೀನು ಅವಳಮ್ಮ ಅಲ್ಲ, ಟೀಚರು," ಎಂದರು. ಮನೆಯಲ್ಲಿ ಆ ಪಾದಗಳಿಗೆ ಎಣ್ಣೆ ಹಚ್ಚುತ್ತ ಅವರಿಗೆ ಹಿಡಿಶಾಪ ಹಾಕಿದೆ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ. ನಮ್ಮೂರಲ್ಲಿ ಸುಡುಬಿಸಿಲು, ಮಳೆ ಬಿದ್ದಿದ್ದು ಮೇಲೆ, ಹೊಳೆ ಹುಟ್ಟುವ ನಂದಿ ಬೆಟ್ಟದ ಕಡೆ. ಯಾರೋ "ಹೊಳೆ ಬಂತು!" ಎಂದು ಕೂಗುತ್ತ ಬೀದಿಯಲ್ಲಿ ಹೋದರು. ಮಗಳು ಅಲ್ಲೇ ಆಡಲು ಹೋಗಿದ್ದಳು. ನಾನು ಹೇಗೆ ಓಡಿದೆನೋ ತಿಳಿಯದು. ದಡದಿಂದ ದಡಕ್ಕೆ ಕೆಂಪು ನೀರು. ಸ್ಟಂಪು ನೆಡುತ್ತಿದ್ದ ಜಾಗವೇ ಕಾಣಲಿಲ್ಲ. ಮಕ್ಕಳೆಲ್ಲ ದಡದ ಮೇಲೆ ಗುಂಪಾಗಿ ನಿಂತಿದ್ದರು, ಎಲ್ಲರೂ ಬರಿಗಾಲಲ್ಲಿ.

"ನೊರೆ ಬಂತಮ್ಮಾ, ನಾನೇ ಫಸ್ಟ್ ಕೂಗಿದ್ದು," ಎಂದು ಮಗಳು ಅಳತೊಡಗಿದಳು. "ಚಪ್ಪಲಿ ಹೋಯ್ತು. ಬೈಬೇಡ."

ಸೋಮವಾರ ಹೆಡ್‌ಮೇಡಂ ಮುಂದೆ ಹೋಗಿ ನಿಂತೆ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವರೇ ಕೇಳಿದರು.

"ಚಪ್ಪಲಿಗೆ ಯಾರಾದ್ರೂ ವಾಪಸ್ ಹೋದ್ರಾ?"

"ಇಲ್ಲ ಮೇಡಂ."

"ಸರಿ. ಬೆಲ್ಲಾಗಿದೆ, ಕ್ಲಾಸಿಗೆ ಹೋಗು. ಅಳೋದಿದ್ರೆ ಮನೇಲಿ ಅಳು."

ಅಷ್ಟೇ. ಒಂದು ಒಳ್ಳೆಯ ಮಾತಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೋದ ವರ್ಷ ಹೆಡ್‌ಮೇಡಂ ತೀರಿಕೊಂಡರು. ಸುದ್ದಿ ಕೇಳಿ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಳು ಬರಲಿಲ್ಲ. ಅವಳನ್ನು ಬಿಸಿಲಲ್ಲಿ ನಿಲ್ಲಿಸಿದ್ದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೂ ಅವರ ಮಣ್ಣಿಗೆ ಹೋದೆ. ದಾರಿಯುದ್ದಕ್ಕೂ ಮಗಳ ಕೈ ಹಿಡಿದುಕೊಂಡಿದ್ದೆ. ಹಿಡಿಯಲು ಆ ಕೈ ಇತ್ತು.