ದೂಳು ಕೂರದ ಕುರ್ಚಿ

ನೋಂದಣಿ ಕಚೇರಿಯ ದೊಡ್ಡ ಹಾಲನ್ನು ಇಪ್ಪತ್ತೆಂಟು ವರ್ಷ ಗುಡಿಸಿದವಳು ಅವಳು. ಸಾಹೇಬರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ 'ಪೊರಕೆಯಕ್ಕ'. ಬಾಯಿ ಜೋರು, ಕೈ ಇನ್ನೂ ಜೋರು. ದೂಳು ನೋಡಿದರೆ ಸಾಕು, ನಿನ್ನೆಯದೋ ಹೋದ ವಾರದ್ದೋ ಹೇಳಿಬಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ನರ್ಸ್ ಮಾಡಿದ್ದು ಇದೇ ದುಡಿಮೆಯಲ್ಲಿ.

ನೂರು ವರ್ಷ ದಾಟಿದ ಆ ಕಟ್ಟಡಕ್ಕೆ ಹೊಸ ರೂಪ ಕೊಡುವ ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ ಹಾಲಿನ ಫಾಲ್ಸ್ ಸೀಲಿಂಗ್ ಕಿತ್ತರೆ, ಮೇಲೆ ಯಾರೂ ಕಂಡು ಕೇಳರಿಯದ ಮರದ ಗ್ಯಾಲರಿ! ಹನ್ನೆರಡು ಕುರ್ಚಿ, ಎಲ್ಲದರ ಮುಖವೂ ಹಾಲಿನ ಕಡೆಗೆ. ಮೆಟ್ಟಿಲಿಗೆ ಅರವತ್ತು ವರ್ಷದ ಹಿಂದೆಯೇ ಅಡ್ಡಗೋಡೆ ಕಟ್ಟಿದ್ದರಂತೆ.

ಗೋಡೆ ಒಡೆದು, ಗುಡಿಸಲು ಅವಳನ್ನೇ ಕಳಿಸಿದರು. ಬೆರಳು ಹೂತುಹೋಗುವಷ್ಟು ದೂಳು. ಒಂದೊಂದೇ ಕುರ್ಚಿ ಒರೆಸುತ್ತ ಬಂದವಳು ಕೊನೆಯದರ ಮುಂದೆ ಗಕ್ಕನೆ ನಿಂತಳು. ಅದರ ಮೇಲೆ ಹೆಸರಿಗೂ ದೂಳಿರಲಿಲ್ಲ. ಕೈಯಿಡುವ ಜಾಗ ಸವೆದು ಮಿರುಗುತ್ತಿತ್ತು. ಅಲ್ಲಿಂದ ಬಗ್ಗಿ ನೋಡಿದರೆ ನೇರ ಕಾಣುವುದು ಕೆಳಗೆ ಹಾಲಿನ ಕಂಬದ ಹಿಂದಿನ ಮೂಲೆ. ಗಂಡ ಸತ್ತ ವರ್ಷ ಯಾರ ಕಣ್ಣಿಗೂ ಬೀಳದಂತೆ ಅವಳು ಅತ್ತದ್ದು ಅಲ್ಲೇ. ನಡುವೆ ಸೀಲಿಂಗ್ ಇತ್ತಲ್ಲ ಎಂದು ಸಮಾಧಾನ ಹೇಳಿಕೊಂಡಳು, ಮನಸ್ಸು ಕೇಳಲಿಲ್ಲ. ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರನ್ನೂ ಕೂಲಿಯವರನ್ನೂ ಕರೆದು ತೋರಿಸಿದಳು.

"ಗಾಳಿಕಿಂಡಿ ಇದೆಯಲ್ಲಮ್ಮ, ಗಾಳಿಗೆ ಹಾರಿಹೋಗಿರತ್ತೆ," ಎಂದರು ಎಂಜಿನಿಯರ್.

"ಗಾಳಿ ಒಂದೇ ಕುರ್ಚಿ ಒರೆಸತ್ತಾ ಸಾರ್? ಹಾಗಾದ್ರೆ ಅದನ್ನೇ ಕೆಲಸಕ್ಕೆ ಇಟ್ಕೊಳ್ಳಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಬೇರೆ ಕಡೆ ಹಾಕಿಸ್ಕೋ ಅಮ್ಮ, ರಿಟೈರ್ ಆಗೋಕೆ ಇನ್ನೊಂದೇ ವರ್ಷ ತಾನೆ?" ಎಂದಳು ಮಗಳು, ರಾತ್ರಿ ಊಟಕ್ಕೆ ಕೂತಾಗ.

"ಇಷ್ಟು ವರ್ಷ ಸುಮ್ನೆ ನೋಡ್ಕೊಂಡಿದ್ದೋರು ಈಗೇನು ಮಾಡ್ತಾರೆ ಬಿಡೇ," ಎಂದಳೇನೋ ನಿಜ, ಅರ್ಧ ಉಂಡ ತಟ್ಟೆ ಬಿಟ್ಟು ಎದ್ದಳು.

ಹಾಲಿಗೆ ಏಸಿ ಬಂತು, ಗಾಜಿನ ಕೌಂಟರ್ ಬಂತು. ಕುರ್ಚಿಗಳು ಉಗ್ರಾಣಕ್ಕೆ ಹೋದವು. ಬೋಳು ಗ್ಯಾಲರಿಯನ್ನು ಒಂದು ಮಧ್ಯಾಹ್ನ ಅವಳು ಪೂರ್ತಿ ಒರೆಸಿ ತಿರುಗಿ ನೋಡಿದಳು. ಒದ್ದೆ ನೆಲದಲ್ಲಿ, ಆ ಕುರ್ಚಿಯಿದ್ದ ಕೊನೆಯ ಮೂಲೆಯಲ್ಲಿ, ಜೋಡಿಸಿಟ್ಟ ಎರಡು ಪಾದದಷ್ಟು ಜಾಗ ಒಣಗಿತ್ತು. ಮತ್ತೆ ಒರೆಸಿದಳು. ಕಣ್ಣೆದುರಿಗೇ, ಅದೇ ಎರಡು ಗುರುತು ಒಣಗಿ ಮೂಡಿದವು.

ಕಿರುಚಲಿಲ್ಲ, ಓಡಲೂ ಇಲ್ಲ. ಬಕೆಟ್ ಅಲ್ಲೇ ಬಿಟ್ಟು ಇಳಿದು ಬಂದು, ಅಂದೇ ಅರ್ಜಿ ಬರೆಸಿ ಹೊರಗಿನ ಅಂಗಳದ ಕೆಲಸ ಕೇಳಿ ಪಡೆದಳು. ಉಳಿದ ವರ್ಷವೆಲ್ಲ ಎಲೆ ಗುಡಿಸಿ ನಿವೃತ್ತಳಾದಳು. ಆ ವರ್ಷ ಮರದ ನೆರಳಲ್ಲಿ ಕೂತಾಗಲೂ ಕೊಡೆ ಬಿಚ್ಚಿಕೊಳ್ಳುತ್ತಿದ್ದಳಂತೆ. ಯಾಕೆಂದು ಕಾವಲುಗಾರ ಕೇಳಿದರೆ, ಮೇಲಿನ ಕೊಂಬೆಗಳತ್ತ ಒಮ್ಮೆ ನೋಡಿ, "ಬಿಸಿಲಪ್ಪಾ," ಎನ್ನುತ್ತಿದ್ದಳು.